ಹುಟ್ಟು ಹಾಕಿ ಇಳಿಯಿರಿ, ಹಾಯಿ ಬಿಚ್ಚಿ ಏರಿರಿ: ವರದಾ ಬಯಲಿನಲ್ಲಿ ಚಿಕ್ಕ ದೋಣಿ

ನಕಾಶೆಯಲ್ಲಿ ವರದಾ ನದಿ ಒಂದೇ ಗೆರೆ. ಸಾಗರ ತಾಲೂಕಿನ ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಸೊರಬದ ಸೀಮೆ ದಾಟಿ, ಬನವಾಸಿಯನ್ನು ಬಳಸಿಕೊಂಡು ಹಾನಗಲ್ಲ ತಾಲೂಕಿಗೆ ಬರುತ್ತದೆ. ಕೂಡಲದಲ್ಲಿ ಧರ್ಮಾ ನದಿ ಬಂದು ಸೇರುತ್ತದೆ. ಅಲ್ಲಿಂದ ಹಾವೇರಿ, ಸವಣೂರು ಬಯಲಿನಲ್ಲಿ ಮೂಡಣಕ್ಕೆ ಹೊರಳಿ, ಕರ್ಜಗಿಯನ್ನು ಹಾದು, ಗಳಗನಾಥದಲ್ಲಿ ತುಂಗಭದ್ರೆಯ ಮಡಿಲಿಗೆ ಬೀಳುತ್ತದೆ. ಚಿಕ್ಕ ಹಾಯಿದೋಣಿಯೊಂದನ್ನು ಕಟ್ಟಿಕೊಂಡವರಿಗೆ ಅಥವಾ ಕಟ್ಟಿಕೊಳ್ಳಬೇಕೆಂದು ಆಸೆಪಟ್ಟವರಿಗೆ ಈ ಗೆರೆ ನೋಡಿದ ಕೂಡಲೇ ಬರುವ ಯೋಚನೆ ಒಂದೇ: ಬನವಾಸಿಯಲ್ಲಿ ದೋಣಿ ಇಳಿಸಿ, ಹಾಯಿ ಬಿಚ್ಚಿ, ಗಳಗನಾಥದ ಗುಡಿಯ ಮುಂದೆ ದಡ ಸೇರುವುದು. ಈ ಯೋಜನೆಯನ್ನು ಬಿಟ್ಟುಬಿಡಿ ಎನ್ನುವುದೇ ಈ ಲೇಖನದ ವಾದ. ನೀರಿನ ಮೇಲೆ ಹೋಗಲೇಬೇಡಿ ಎಂದು ಇದರ ಅರ್ಥವಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಾಯಿದೋಣಿಗೆ ಒಳ್ಳೆಯ ನೀರು ಇದೆ. ಆದರೆ ಅದು ಉದ್ದಕ್ಕೆ ಹರಿಯುವ ದಾರಿಯಾಗಿಲ್ಲ, ನದಿಗೆ ಅಡ್ಡ ಕಟ್ಟಿದ ಬಾಂದಾರದಿಂದ ಬಾಂದಾರಕ್ಕೆ, ಕೆರೆಯಿಂದ ಕೆರೆಗೆ ತುಂಡು ತುಂಡಾಗಿ ಇದೆ. ಆ ತುಂಡುಗಳಿಗೆ ತಕ್ಕಂತೆ ದೋಣಿಯನ್ನೂ ದಿನವನ್ನೂ ಹೊಂದಿಸಿಕೊಂಡರೆ ಪ್ರಯಾಣ ಸುಖವಾಗುತ್ತದೆ.

ಮೊದಲು ಗಾಳಿಯ ಲೆಕ್ಕ. ವರದೆ ಒಟ್ಟಾರೆ ನೈಋತ್ಯದಿಂದ ಈಶಾನ್ಯಕ್ಕೆ ಹರಿಯುವ ನದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಬೀಸುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ಪಡುವಣ ಮತ್ತು ನೈಋತ್ಯದಿಂದ. ಹಾಗಾಗಿ ಕಾಗದದ ಮೇಲೆ ಮಳೆಗಾಲವೇ ಸರಿಯಾದ ಕಾಲ: ಗಾಳಿಯೂ ಹಿಂದಿನಿಂದ, ಹರಿವೂ ಹಿಂದಿನಿಂದ. ತೊಡಕು ಏನೆಂದರೆ, ಅದೇ ತಿಂಗಳುಗಳಲ್ಲಿ ವರದೆ ತನ್ನ ದಡ ಮೀರುತ್ತದೆ. ಮೇಲಿನ ಸಾಗರ, ಸೊರಬದ ಮಲೆನಾಡಿನಲ್ಲಿ ಬಿದ್ದ ಮಳೆ ಹಾನಗಲ್ಲಿಗೆ ಬರುವ ಹೊತ್ತಿಗೆ ಇಲ್ಲಿ ಬಿಸಿಲಿದ್ದರೂ ಇರಬಹುದು. ಕೂಡಲದ ಹತ್ತಿರದ ಸೇತುವೆ, ಕೆಳಗಿನ ಬಾಂದಾರಗಳು ನೀರಿನಡಿ ಹೋಗುವುದು ಜುಲೈ, ಆಗಸ್ಟ್ ತಿಂಗಳ ಮಾಮೂಲಿ ಸುದ್ದಿ. 2019ರ ಆಗಸ್ಟ್‌ನಲ್ಲಿ ನದಿದಂಡೆಯ ಹಳ್ಳಿಗಳಿಗೇ ನೀರು ನುಗ್ಗಿತು. ಮುಳುಗಿದ ಬಾಂದಾರದ ಮೇಲೆ ನೀರು ನಯವಾಗಿ, ಏನೂ ಇಲ್ಲದಂತೆ ಕಾಣುತ್ತದೆ. ಅದರ ಕೆಳಗಡೆ ನೀರು ತಿರುಗಿ ತನ್ನ ಮೇಲೆಯೇ ಉರುಳುತ್ತಿರುತ್ತದೆ. ಆ ಉರುಳಿನಲ್ಲಿ ಸಿಕ್ಕ ದೋಣಿಯನ್ನಾಗಲಿ ಈಜುಗಾರನನ್ನಾಗಲಿ ಅದು ಹೊರಗೆ ಬಿಡುವುದಿಲ್ಲ. ಆದ್ದರಿಂದ ಮುಂಗಾರಿನ ವರದೆಯಲ್ಲಿ ಚಿಕ್ಕ ದೋಣಿ ಇಳಿಸುವ ಮಾತೇ ಬೇಡ. ಎಷ್ಟು ಅನುಭವವಿದ್ದರೂ ಬೇಡ.

ಅಕ್ಟೋಬರ್ ನಡುವಿಗೆ ಮುಂಗಾರು ಹಿಂದೆ ಸರಿಯುತ್ತದೆ. ಗಾಳಿ ತಿರುಗಿ ಈಶಾನ್ಯ, ಮೂಡಣದಿಂದ ಬೀಸತೊಡಗುತ್ತದೆ. ಈಗ ನದಿ ಸೌಮ್ಯವಾಗಿದೆ, ಆದರೆ ಗಾಳಿ ಎದುರಿಗಿದೆ. ಗಳಗನಾಥದ ಕಡೆಗೆ ಹಾಯಿ ಬಿಚ್ಚಿಕೊಂಡು ಹೋಗಬೇಕೆಂದರೆ ಈ ದಡದಿಂದ ಆ ದಡಕ್ಕೆ ಓರೆಯಾಗಿ ಹಾವಿನ ನಡೆಯಲ್ಲಿ ಸಾಗಬೇಕು. ಅಗಲವಾದ ಕೆರೆಯಲ್ಲಿ ಅದು ಚಂದ. ಕಿರಿದಾದ ನದಿಯಲ್ಲಿ, ಎರಡೂ ಕಡೆ ಜಾಲಿಕಂಟಿ ಬಾಗಿರುವಲ್ಲಿ, ಒಂದು ಓರೆ ಮುಗಿಯುವ ಮೊದಲೇ ಇನ್ನೊಂದು ದಡ ಎದುರಾಗುತ್ತದೆ. ಅಂದರೆ ಗಾಳಿ ನೆರವಾಗುವ ಕಾಲದಲ್ಲಿ ನದಿ ಬಿಡುವುದಿಲ್ಲ, ನದಿ ಬಿಡುವ ಕಾಲದಲ್ಲಿ ಗಾಳಿ ನೆರವಾಗುವುದಿಲ್ಲ. ಬನವಾಸಿಯಿಂದ ಗಳಗನಾಥದ ಹಾಯಿಯಾನ ಆಗದಿರುವುದು ಈ ಕಾರಣಕ್ಕೆ.

ಆದರೆ ಇದೇ ಮಾತನ್ನು ತಿರುಗಿಸಿ ನೋಡಿದರೆ ದಾರಿ ತೆರೆಯುತ್ತದೆ. ನೈಲ್ ನದಿ ಬಡಗಣಕ್ಕೆ ಹರಿಯುತ್ತದೆ, ಅಲ್ಲಿ ಗಾಳಿ ಬಹುಪಾಲು ಬಡಗಣದಿಂದಲೇ ಬೀಸುತ್ತದೆ. ಈಜಿಪ್ಟಿನ ಜನ ಸಾವಿರಾರು ವರ್ಷಗಳಿಂದ ಅದನ್ನು ಅಡ್ಡಿ ಎಂದು ಎಣಿಸಲಿಲ್ಲ. ಹರಿವಿನ ಜೊತೆ ಇಳಿದರು, ಗಾಳಿಯ ಜೊತೆ ಏರಿದರು. ಹಿಂಗಾರಿನ ವರದೆಯಲ್ಲಿ ಚಿಕ್ಕ ಪ್ರಮಾಣದಲ್ಲಿ ಇದೇ ಏರ್ಪಾಡು ಇದೆ. ಜೊತೆಗೆ ನಮಗೆ ಇನ್ನೊಂದು ಅನುಕೂಲ ಉಂಟು. ಮಳೆ ನಿಂತ ಮೇಲೆ ಬಾಂದಾರಗಳಿಗೆ ಗೇಟು ಇಳಿಸಿ ನೀರು ನಿಲ್ಲಿಸುತ್ತಾರೆ, ಹಿಂಗಾರಿ ಪೈರಿಗೆ ಮತ್ತು ಬೇಸಿಗೆಗೆ. ಆಗ ಪ್ರತಿ ಬಾಂದಾರದ ಹಿಂದೆ ಉದ್ದನೆಯ, ಹರಿವು ಇದ್ದೂ ಇಲ್ಲದಂತಿರುವ ನಿಂತ ನೀರು ಸಿಗುತ್ತದೆ. ಹಿಂಗಾರಿನ ದಿನಗಳಲ್ಲಿ ಒಳನಾಡಿನ ಗಾಳಿಗೆ ಒಂದು ದಿನಚರಿಯೂ ಇದೆ: ಬೆಳಗಿನ ಜಾವ ಎಲೆ ಅಲುಗದಷ್ಟು ಶಾಂತ, ಬಿಸಿಲು ಏರಿದ ಮೇಲೆ ಗಾಳಿ ಎದ್ದು ಮಧ್ಯಾಹ್ನ ಬಲವಾಗಿ, ಹೊತ್ತು ಮುಳುಗುವಾಗ ಮತ್ತೆ ಇಳಿಯುತ್ತದೆ. ಹಾಗಾದರೆ ದಿನದ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ಒಂದು ಬಾಂದಾರದ ಹಿನ್ನೀರಿನ ಮೇಲುತುದಿಯಲ್ಲಿ ದೋಣಿ ಇಳಿಸಿ. ಬೆಳಿಗ್ಗೆ ಶಾಂತ ನೀರಿನಲ್ಲಿ ಹುಟ್ಟು ಹಾಕುತ್ತ ಮೂಡಣಕ್ಕೆ ಹೋಗಿ. ಬಾಂದಾರಕ್ಕೆ ಬಹು ಮೊದಲೇ, ಗೇಟಿನ ಸೆಳೆತ ತಟ್ಟದಷ್ಟು ದೂರದಲ್ಲಿ ದಡ ಹಿಡಿದು ಬುತ್ತಿ ಬಿಚ್ಚಿ. ಗಾಳಿ ಎದ್ದ ಮೇಲೆ ಹಾಯಿ ಏರಿಸಿ, ಬೆನ್ನಿಗೆ ಗಾಳಿ ಇಟ್ಟುಕೊಂಡು ಹೊರಟಲ್ಲಿಗೇ ಮರಳಿ. ಇಳಿಸಿದ ಜಾಗದಲ್ಲೇ ಗಾಡಿ ನಿಂತಿರುವುದರಿಂದ ಇನ್ನೊಂದು ತುದಿಗೆ ವಾಹನ ಕಳಿಸುವ ಖರ್ಚೂ ಉಳಿಯುತ್ತದೆ. ಕೂಡಲದಿಂದ ಕೆಳಗೆ ಕರ್ಜಗಿಯವರೆಗೂ, ಸವಣೂರು ಸೀಮೆಯ ಕಳಸೂರಿನ ಆಸುಪಾಸಿನಲ್ಲೂ ಈ ರೀತಿ ಯೋಚಿಸಿ ನೀರು ಆರಿಸಿಕೊಳ್ಳಬಹುದು.

ಅವಧಿ ಯಾವುದು ಎಂದರೆ, ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೇ ಸಾಕು. ಚಿತ್ತೆ, ಸ್ವಾತಿ ಮಳೆಗಳು ನವೆಂಬರ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತವೆ. ಅಲ್ಲಿಯವರೆಗೆ ಗುಡುಗು ಮಳೆ ಬಂದು ನೀರು ಏರುವ ಸಂಭವ ಇದ್ದೇ ಇದೆ. ಸ್ವಾತಿ ಕಳೆದ ಮೇಲೆ ಡಿಸೆಂಬರ್ ಕೊನೆಯವರೆಗೆ ನದಿಯ ಒಳ್ಳೆಯ ಕಾಲ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದ ಸುದ್ದಿ ಬಂದರೆ ಆ ವಾರ ಸುಮ್ಮನಿರಬೇಕು. ಕೇಂದ್ರ ಜಲ ಆಯೋಗ ವರದೆಯ ಮಟ್ಟವನ್ನು ಮರೋಳದಲ್ಲೂ ತುಂಗಭದ್ರೆಯ ಮಟ್ಟವನ್ನು ಹರಳಹಳ್ಳಿಯಲ್ಲೂ ಅಳೆಯುತ್ತದೆ. ಹೊರಡುವ ಮುನ್ನ ಎರಡು ಮೂರು ದಿನಗಳ ಏರಿಳಿತ ನೋಡುವುದು ಜಾಣತನ. ಮಟ್ಟ ಏರುತ್ತಿದ್ದರೆ, ಎಷ್ಟೇ ಕಡಿಮೆ ಏರಿದ್ದರೂ, ಇಳಿಯಬೇಡಿ. ಜನವರಿ ದಾಟಿದ ಮೇಲೆ ಪಂಪ್‌ಸೆಟ್ಟುಗಳು ನೀರು ಎತ್ತುತ್ತ ಹೋದಂತೆ ನದಿ ಮಡುಗಳಾಗಿ ಒಡೆಯುತ್ತದೆ. ಬೇಸಿಗೆಯಲ್ಲಿ ವರದೆಗೆ ನೀರು ಸಾಲದೆಂಬ ಕಾರಣಕ್ಕೇ ಬೇಡ್ತಿ ನದಿಯ ನೀರನ್ನು ಇತ್ತ ತಿರುಗಿಸುವ ಮಾತು ಇಷ್ಟು ವರ್ಷಗಳಿಂದ ನಡೆದಿದೆ. ಆ ಯೋಜನೆಯ ಗುಣದೋಷ ಬೇರೆ ಚರ್ಚೆ, ಪಶ್ಚಿಮಘಟ್ಟದ ಕಾಡನ್ನು ಮರೆತು ಆ ಚರ್ಚೆ ಮಾಡಬಾರದು. ದೋಣಿಯವರಿಗೆ ಅದರಿಂದ ತಿಳಿಯಬೇಕಾದದ್ದು ಇಷ್ಟೇ: ಮಾರ್ಚಿನಲ್ಲಿ ಈ ನದಿಯನ್ನು ನಂಬಿ ಹೊರಡುವಂತಿಲ್ಲ.

ಎಂಥ ದೋಣಿ ಬೇಕು? ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಈ ನೀರಿಗೆ ಹೇಳಿ ಮಾಡಿಸಿದ್ದು ಹರಿಗೋಲು, ಹಾಯಿ ಕರಾವಳಿಯ ವಸ್ತು, ಅದನ್ನು ಇಲ್ಲಿಗೆ ಏಕೆ ತರಬೇಕು ಎಂದು. ಹರಿಗೋಲಿನ ಬಗ್ಗೆ ಗೌರವದಿಂದಲೇ ಮಾತಾಡಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿನ, ಒಳಗೆ ಬೆತ್ತ ಹೊರಗೆ ತೊಗಲು ಇರುವ ದೋಣಿಗಳಲ್ಲಿ ಜನ ತುಂಗಭದ್ರೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡದಾನಪುರ ಇರುವುದೂ ನಮ್ಮ ಹಾವೇರಿ ಜಿಲ್ಲೆಯ ಇದೇ ತುಂಗಭದ್ರೆಯ ದಂಡೆಯಲ್ಲಿ. ಬಿದಿರ ನೇಯ್ಗೆ ಬಂಡೆಗೆ ತಾಗಿದರೆ ಬಾಗುತ್ತದೆ, ಒಡೆಯುವುದಿಲ್ಲ. ಒಬ್ಬ ಮನುಷ್ಯ ಬೆನ್ನ ಮೇಲೆ ಹೊತ್ತು ಹೋಗಬಹುದು. ಗೇಣು ನೀರಿದ್ದರೂ ಸಾಕು. ಹೊಳೆ ದಾಟಲು, ಬಲೆ ಬಿಡಲು ಅದಕ್ಕಿಂತ ಉತ್ತಮವಾದದ್ದು ಇಲ್ಲ. ಆದರೆ ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಇಲ್ಲ, ನೇರ ಹೋಗುವ ಗುಣವಿಲ್ಲ. ಹಾಯಿ ಕಟ್ಟಿದರೆ ಗಾಳಿ ಎತ್ತ ತಳ್ಳಿದರೆ ಅತ್ತ ತಿರುಗುತ್ತ ಹೋಗುತ್ತದೆ. ನಮ್ಮ ಅಂಬಿಗರು ಹಾಯಿ ಬಳಸದಿದ್ದುದಕ್ಕೆ ಕಾರಣ ಅವರಿಗೆ ಬೇಕಾಗಿದ್ದದ್ದು ದಾಟುವ ದೋಣಿ, ಉದ್ದಕ್ಕೆ ಹೋಗುವ ದೋಣಿಯಲ್ಲ. ಹರಿಗೋಲಿನ ಗುಣದಲ್ಲಿ ಎರಡನ್ನು ಮಾತ್ರ, ತಗ್ಗು ನೀರಿನಲ್ಲಿ ತೇಲುವುದು ಮತ್ತು ಹಗುರವಿರುವುದು, ಹಾಯಿದೋಣಿಗೂ ಉಳಿಸಿಕೊಂಡರೆ ಈ ಸೀಮೆಗೆ ತಕ್ಕ ದೋಣಿ ಸಿಗುತ್ತದೆ.

ಅದು ಚಪ್ಪಟೆ ತಳದ್ದಾಗಿರಬೇಕು. ಲೆಕ್ಕ ಸುಲಭ. ನಾಲ್ಕು ಮೀಟರ್ ಉದ್ದ, ಸುಮಾರು 1.2 ಮೀಟರ್ ಅಗಲದ ದೋಣಿಯ ತಳ, ಮೂತಿಯ ಕಡೆ ಕಿರಿದಾಗುವುದನ್ನು ಕಳೆದರೆ, ಮೂರೂವರೆ ಚದರ ಮೀಟರ್ ನೀರನ್ನು ಮುಚ್ಚುತ್ತದೆ. ಒಂದು ಸೆಂಟಿಮೀಟರ್ ಮುಳುಗಿದರೆ 35 ಲೀಟರ್ ನೀರು ಸರಿಯುತ್ತದೆ, ಅಂದರೆ 35 ಕಿಲೋ ಭಾರ ತೇಲುತ್ತದೆ. ದೋಣಿ 70 ಕಿಲೋ, ಇಬ್ಬರು ಜನ 130, ಸಾಮಾನು 30 ಎಂದರೂ ಒಟ್ಟು 230 ಕಿಲೋ. ಆರೇಳು ಸೆಂಟಿಮೀಟರ್ ಮುಳುಗಿದರೆ ಸಾಕಾಯಿತು. ತಳದ ಬಾಗನ್ನು ಸೇರಿಸಿದರೂ ಹತ್ತು ಹನ್ನೆರಡು ಸೆಂಟಿಮೀಟರ್ ನೀರಿನಲ್ಲಿ ಅದು ಮರಳು ತಾಕದೆ ಹೋಗುತ್ತದೆ. ಅಡಿಯಲ್ಲಿ ಕಬ್ಬಿಣದ ಬೆನ್ನೆಲುಬಿರುವ ಸಮುದ್ರದ ದೋಣಿ ವರದೆಯ ಮೊದಲ ಮರಳ ದಿಬ್ಬದಲ್ಲೇ ಕೂತುಬಿಡುತ್ತದೆ. ಆದರೆ ಚಪ್ಪಟೆ ತಳದ ದೋಣಿ ಹಾಯಿ ಬಿಚ್ಚಿದಾಗ ಪಕ್ಕಕ್ಕೆ ಜಾರುತ್ತದೆ. ಇದಕ್ಕೆ ಹಾಲೆಂಡಿನವರು ಬಹು ಹಿಂದೆಯೇ ಕಂಡುಕೊಂಡ ಉಪಾಯ ಪಕ್ಕದ ಹಲಗೆ: ದೋಣಿಯ ಎರಡೂ ಬದಿಗೆ ಒಂದೊಂದು ಅಗಲ ಹಲಗೆಯನ್ನು ಮೊಳೆಯ ಮೇಲೆ ತಿರುಗುವಂತೆ ಕೂರಿಸುವುದು. ಆಳವಿದ್ದಲ್ಲಿ ಇಳಿಸುವುದು, ತಗ್ಗು ಬಂದಾಗ ಅದು ತಾನೇ ತಾಗಿ ಮೇಲೇಳುವುದು. ತಳಕ್ಕೆ ಸೀಳು ಕೊರೆಯಬೇಕಿಲ್ಲ, ಹಾಗಾಗಿ ನೀರು ಒಸರುವ ಭಯವೂ ಇಲ್ಲ. ಚುಕ್ಕಾಣಿಯೂ ಹೀಗೇ ಎದ್ದು ಇಳಿಯುವಂತಿರಬೇಕು. ನೀರು ತಡೆಯುವ ಪ್ಲೈವುಡ್‌ನಲ್ಲಿ ಒಳ್ಳೆಯ ಬಡಿಗ ಇಂಥ ದೋಣಿಯನ್ನು ಮಾಡಬಲ್ಲ. ಸಂದುಗಳಿಗೆ ಎಪಾಕ್ಸಿ ಮತ್ತು ಗಾಜಿನೆಳೆಯ ಪಟ್ಟಿ ಹಾಕಿಸಿ, ಎರಡೂ ತುದಿಯಲ್ಲಿ ಗಾಳಿ ತುಂಬಿದ ಮುಚ್ಚಿದ ಗೂಡು ಇರಿಸಿ. ಮಗುಚಿದರೂ ದೋಣಿ ಮುಳುಗಬಾರದು.

ಹಾಯಿ ದೊಡ್ಡದಿರಲಿ ಎಂಬ ಆಸೆಯನ್ನು ಹತೋಟಿಯಲ್ಲಿಡಬೇಕು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 18 ಕಿಲೋಮೀಟರ್ ಗಾಳಿಯಲ್ಲಿ ನಾಲ್ಕೂವರೆ ಚದರ ಮೀಟರ್ ಹಾಯಿಯ ಮೇಲೆ ಬೀಳುವ ಒತ್ತು ಎಂಟು ಕಿಲೋ ಭಾರದಷ್ಟು. ಗಾಳಿ ಇಮ್ಮಡಿಯಾಗಿ 36 ಆದರೆ ಒತ್ತು ನಾಲ್ಮಡಿಯಾಗಿ ಮೂವತ್ತು ಕಿಲೋ ದಾಟುತ್ತದೆ. ಅಷ್ಟು ಒತ್ತು ಈ ಅಳತೆಯ ದೋಣಿಯನ್ನು ಮಗುಚಲು ಸಾಕು. ಹಾಗಾಗಿ ನಾಲ್ಕೂವರೆ ಚದರ ಮೀಟರೇ ಮಿತಿ, ಅದನ್ನೂ ಅರ್ಧಕ್ಕೆ ಮಡಿಸಿ ಕಟ್ಟುವ ಹುರಿಗಳು ಇರಲೇಬೇಕು. ಹಾಯಿಯ ಹಗ್ಗವನ್ನು ಯಾವ ಕಾರಣಕ್ಕೂ ಗಂಟು ಹಾಕಿ ಬಿಡಬಾರದು. ಕೈಯಲ್ಲೇ ಇರಲಿ, ಬಿಟ್ಟ ಕ್ಷಣ ಗಾಳಿ ಸೋರಿಹೋಗಲಿ. ವರದೆಯ ದಡಗಳು ಹಲವು ಕಡೆ ಎತ್ತರ, ನೀರಿನ ಮಟ್ಟದಲ್ಲಿ ಗಾಳಿಗೆ ತಡೆಯಾಗಿ ಮೇಲೆ ಮಾತ್ರ ಬೀಸುತ್ತದೆ. ಅಗಲ ಹಾಯಿಗಿಂತ ಎತ್ತರದ ಹಾಯಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದಕ್ಕೇ. ಹಾಗೆಂದು ಹಾಯಿ ಕಟ್ಟುವ ಕೂವೆಮರವನ್ನು ಕಾಯಂ ನೆಟ್ಟುಬಿಡಬೇಡಿ. ಇಂಗ್ಲೆಂಡಿನ ನಾರ್ಫೋಕ್ ಜೌಗು ನಾಡಿನ ಸರಕುದೋಣಿಗಳು ಸೇತುವೆ ಬಂದಾಗ ಇಡೀ ಕೂವೆಮರವನ್ನೇ ಮಲಗಿಸಿ ದಾಟುತ್ತಿದ್ದವು. ನಮ್ಮಲ್ಲಿ ಸೇತುವೆಗಿಂತ ಭಯಂಕರವಾದದ್ದು ಕರೆಂಟಿನ ತಂತಿ. ನದಿಯ ಎರಡೂ ದಂಡೆಯಲ್ಲಿ ಪಂಪ್‌ಸೆಟ್ಟುಗಳಿವೆ, ತಂತಿ ಎಲ್ಲಿ ಜೋತು ಬಿದ್ದಿದೆಯೋ ನಕಾಶೆ ಹೇಳುವುದಿಲ್ಲ. ಅಲ್ಯೂಮಿನಿಯಂ ಕೂವೆಮರ ತಂತಿಗೆ ತಾಗಿದರೆ ಬದುಕುವ ಮಾತಿಲ್ಲ. ಒಣ ಬಿದಿರಿನದೇ ಇರಲಿ, ಆದರೆ ಒದ್ದೆಯಾದರೆ ಬಿದಿರನ್ನೂ ನಂಬಬೇಡಿ. ಬೆಳಿಗ್ಗೆ ಹುಟ್ಟು ಹಾಕುತ್ತ ಇಳಿಯುವಾಗ ಕೂವೆಮರ ಮಲಗಿರಲಿ, ತಂತಿಗಳನ್ನೂ ನೀರಿನೊಳಗಿನ ಪಂಪಿನ ಪೈಪುಗಳನ್ನೂ ಗುರುತು ಹಾಕಿಕೊಳ್ಳಿ. ಮರಳುವಾಗ ಆ ಗುರುತೇ ನಿಮ್ಮ ನಕಾಶೆ.

ನದಿ ಅನುಮತಿಸದ ಓರೆ ಓಟ, ತಿರುವು, ಎದುರುಗಾಳಿಯ ಅಭ್ಯಾಸಗಳಿಗೆಲ್ಲ ಕೆರೆಯೇ ಸರಿಯಾದ ಜಾಗ. ಹಾನಗಲ್ಲ ಕೆರೆಗಳ ತಾಲೂಕು, ಮಲೆನಾಡಿನ ಅಂಚಾದ್ದರಿಂದ ಅವು ಬೇಗ ತುಂಬುತ್ತವೆ. ಹಿರೇಕೆರೂರು ಸೀಮೆಯದು ಬೇರೆ ಬಗೆ. ಕುಮುದ್ವತಿ ಶಿಕಾರಿಪುರದ ಅಂಜನಾಪುರ ಜಲಾಶಯ ದಾಟಿ ಇತ್ತ ಬರುತ್ತಾಳೆ. ಮೊದಲು ಹಿರೇಕೆರೂರಿಗೆ, ಈಗ ರಟ್ಟಿಹಳ್ಳಿ ತಾಲೂಕಿಗೆ ಸೇರಿದ ಮಾಸೂರಿನ ಬಳಿ ಗುಡ್ಡಗಳ ನಡುವಿನ ಮದಗದ ಕೆರೆ ಅವಳದೇ. ನೋಡಲು ಅಷ್ಟು ಚೆಲುವಾದ ನೀರು ಜಿಲ್ಲೆಯಲ್ಲಿ ಮತ್ತೊಂದಿಲ್ಲ ಎಂದು ನನ್ನ ಅನಿಸಿಕೆ. ಆದರೆ ಹೊಸಬರ ಹಾಯಿಗೆ ಅದು ತಕ್ಕದ್ದಲ್ಲ. ಗುಡ್ಡಗಳ ಸಂದಿನಿಂದ ಗಾಳಿ ಒಮ್ಮೆಲೇ ನುಗ್ಗುತ್ತದೆ, ಮರುಕ್ಷಣ ನಿಲ್ಲುತ್ತದೆ, ಕೆಳಗೆ ನೀರು ಬಂಡೆಗಳ ಮೇಲೆ ಧುಮುಕುತ್ತದೆ. ಬಯಲಿನ ತೆರೆದ ಕೆರೆಯಲ್ಲಿ ಕಲಿತು ಆಮೇಲೆ ಅದರ ಯೋಚನೆ ಮಾಡಬಹುದು. ಶಿಗ್ಗಾವಿಯಲ್ಲಿ ದೊಡ್ಡ ನದಿಯ ಭಾಗ್ಯ ಕಡಿಮೆ, ಅಲ್ಲಿ ಕೆರೆಗಳನ್ನೇ ನೆಚ್ಚಬೇಕು. ಆದರೆ ಕುಡಿಯುವ ನೀರಿಗೆ ಮೀಸಲಾದ ಕೆರೆಯಲ್ಲಿ, ಅದು ಯಾವ ಊರಿನದೇ ಇರಲಿ, ದೋಣಿ ಇಳಿಸಲೇಬಾರದು. ಕೆರೆಯಲ್ಲಿ ನೆನಪಿಡಬೇಕಾದ ಅಪಾಯ ಮೂರು ಕಡೆ: ತೂಬಿನ ಬಾಯಿ, ಕೋಡಿ, ಮತ್ತು ಗಾಳಿ ಯಾವ ಏರಿಯ ಕಲ್ಲುಕಟ್ಟಿಗೆ ನಿಮ್ಮನ್ನು ತಳ್ಳುತ್ತದೋ ಆ ಏರಿ. ತೂಬು ತೆರೆದಿದ್ದರೆ ಮೇಲೆ ಏನೂ ಕಾಣಿಸದೆ ಅಡಿಯಲ್ಲಿ ಸೆಳೆತವಿರುತ್ತದೆ. ಗಾಳಿ ಬರುವ ಕಡೆಯ ದಡದಿಂದ ಹೊರಡುವುದು, ಸೋತರೆ ಮೆತ್ತನೆಯ ಅಂಗಳಕ್ಕೆ ತಾಗುವಂತೆ ದಾರಿ ಆರಿಸುವುದು ಕೆರೆಯಲ್ಲಿ ಹಾಯಿ ಕಲಿಯುವ ಕ್ರಮ.

ಹಕ್ಕಿಗಳ ಕುರಿತ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು, ಅದಕ್ಕೆ ನುಣುಚಿಕೊಳ್ಳುವ ಉತ್ತರ ಕೊಡಬಾರದು. ನೀರು ಒಳ್ಳೆಯದಿರುವ ನವೆಂಬರ್, ಡಿಸೆಂಬರ್ ತಿಂಗಳೇ ವಲಸೆ ಹಕ್ಕಿಗಳೂ ಬಂದಿಳಿಯುವ ಕಾಲ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ಜೌಗು ನೆಲೆಗಳಿಗೆ ಕೊಡುವ ರಾಮ್ಸರ್ ಮನ್ನಣೆಯೂ ಸಿಕ್ಕಿತು. ಅಂಥ ಕೆರೆಗೂ, ಸೊರಬದ ಗುಡವಿಯಂಥ ಪಕ್ಷಿಧಾಮಕ್ಕೂ ದೋಣಿ ಒಯ್ಯುವ ಪ್ರಶ್ನೆಯೇ ಇಲ್ಲ. ಉಳಿದ ಕೆರೆಗಳಲ್ಲಿ ಹಾಯಿಗೆ ಸದ್ದಿಲ್ಲ, ಹೊಗೆಯಿಲ್ಲ, ಹಾಗಾಗಿ ತೊಂದರೆಯಿಲ್ಲ ಎಂಬ ಸಮರ್ಥನೆ ಅರ್ಧ ಸತ್ಯ. ಹಕ್ಕಿಗೆ ಸದ್ದಿನಷ್ಟೇ ಭಯ ಹುಟ್ಟಿಸುವುದು ಅಲುಗುವ ದೊಡ್ಡ ಆಕಾರ. ಅಷ್ಟು ದೂರ ಹಾರಿ ಬಂದ ಜೀವ ಮೇಯುವ ಹೊತ್ತಿನಲ್ಲಿ ಮೇಲೆದ್ದು ಹಾರಿದರೆ, ಕೂಡಿಸಿದ ಕೊಬ್ಬು ಕರಗುತ್ತದೆ. ಆದ್ದರಿಂದ ಹಿಂಡು ತಲೆಯೆತ್ತಿ ನೋಡತೊಡಗಿದರೇ ಹಾಯಿ ಇಳಿಸಿ ತಿರುಗಬೇಕು, ಅದು ಹಾರುವವರೆಗೆ ಕಾಯಬಾರದು. ಜೊಂಡು ಬೆಳೆದ ತಗ್ಗು ಕೆರೆಯನ್ನು ಅವುಗಳಿಗೇ ಬಿಟ್ಟು, ನಾವು ಬಾಂದಾರದ ಆಳ ನೀರನ್ನು ಆರಿಸಿಕೊಂಡರೆ ಇಬ್ಬರಿಗೂ ಜಾಗವಿದೆ. ನದಿಯನ್ನು ಬಿಟ್ಟು ಕೆರೆಯಲ್ಲೇ ಆಡಿರಿ ಎಂದು ನಾನು ಹೇಳದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೀನುಗಾರರ ವಿಷಯ. ದೊಡ್ಡ ಕೆರೆಗಳ ಮೀನು ಮೀನುಗಾರಿಕೆ ಇಲಾಖೆಯ ಮೂಲಕ, ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯಿತಿಯ ಮೂಲಕ ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟು ಸಾಕಿದ ಸಂಘದವರಿಗೆ ಕೆರೆ ಎಂದರೆ ಹೊಲ. ಕೇಳದೆ ಇಳಿದರೆ ಬೇರೆಯವರ ಪೈರಿನಲ್ಲಿ ನಡೆದಂತೆಯೇ. ಸಂಜೆ ಬಿಟ್ಟ ಬಲೆಯನ್ನು ಅವರು ಬೆಳಿಗ್ಗೆ ಎತ್ತುತ್ತಾರೆ. ಆ ಮೊದಲು ನೀರಿಗೆ ಹೋದರೆ ಪಕ್ಕದ ಹಲಗೆಗೆ ಬಲೆ ಸಿಕ್ಕಿ ಹರಿಯುತ್ತದೆ. ಮುಂಚಿನ ದಿನವೇ ಹೋಗಿ ಮಾತಾಡಿ. ಎಲ್ಲಿ ಮರಳು ತೆಗೆದ ಗುಂಡಿಗಳಿವೆ, ಎಲ್ಲಿ ಮೊಸಳೆ ಕಂಡಿದೆ, ಯಾವ ತೂಬು ತೆರೆದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಗಳಗನಾಥದ ಕೆಳಗೆ ತುಂಗಭದ್ರೆಯಲ್ಲಿ ಮೊಸಳೆಗಳಿರುವುದರಿಂದ ಅಲ್ಲಿ ಈಜುವುದಾಗಲಿ, ಸಂಜೆ ದಡದಲ್ಲಿ ಪಾತ್ರೆ ತೊಳೆಯುವುದಾಗಲಿ ಬೇಡ. ಬಾಂದಾರದ ಹತ್ತಿರ ಹೋಗಲು ನೀರಾವರಿ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಕೇಳಬೇಕು, ಗೇಟು ಯಾವ ದಿನ ಎತ್ತುತ್ತಾರೆಂದೂ ಅಲ್ಲಿಯೇ ತಿಳಿಯುತ್ತದೆ.

ಹೀಗೆ ತುಂಡು ನೀರಿನಲ್ಲಿ ಹೋಗಿ ಬರುವುದು ಪ್ರಯಾಣ ಹೇಗಾದೀತು, ಬಾಂದಾರ ಬಂದಾಗ ದೋಣಿ ಎತ್ತಿ ದಾಟಿಸಿ ಮುಂದೆ ಹೋದರಾಯಿತಲ್ಲ ಎಂದು ಕೇಳುವವರಿದ್ದಾರೆ. ದಾಟಿಸಬಹುದು. 70 ಕಿಲೋ ದೋಣಿಯನ್ನು ನಾಲ್ವರು ಎತ್ತಬಲ್ಲರು, ಟ್ರ್ಯಾಕ್ಟರ್ ಟ್ರೇಲರ್ ಸಿಕ್ಕರೆ ಇನ್ನೂ ಸುಲಭ. ಆದರೆ ಬಾಂದಾರದ ಕೆಳಗೆ ಮುಂದಿನ ಹಿನ್ನೀರು ಮುಟ್ಟುವವರೆಗೆ ಬಂಡೆ, ಮರಳು, ಪಾದ ಮುಳುಗದ ನೀರು. ಅಲ್ಲಿ ದೋಣಿ ನಿಮ್ಮನ್ನು ಒಯ್ಯುವುದಿಲ್ಲ, ನೀವು ದೋಣಿಯನ್ನು ಒಯ್ಯುತ್ತೀರಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ತುಂಗಭದ್ರೆಯ ಹೆಸರೂ ಇದೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನದಿ ದಾರಿಯಾಗುವುದಿಲ್ಲ. ಆಳ, ಗಾಳಿ, ಕಟ್ಟೆ, ಕಾಲ ನಾಲ್ಕೂ ಕೂಡಿಬರಬೇಕು. ವರ್ಷಕ್ಕೊಂದು ಹಿನ್ನೀರನ್ನು ಸರಿಯಾಗಿ ಅರಿತುಕೊಂಡು, ನಾಲ್ಕಾರು ವರ್ಷಗಳಲ್ಲಿ ಕೂಡಲದಿಂದ ಕರ್ಜಗಿಯವರೆಗಿನ ನೀರನ್ನೆಲ್ಲ ಕಂಡವರು, ಒಂದೇ ವಾರದಲ್ಲಿ ದೋಣಿ ಎಳೆದುಕೊಂಡು ಗಳಗನಾಥ ಮುಟ್ಟಿದವರಿಗಿಂತ ಈ ನದಿಯನ್ನು ಹೆಚ್ಚು ತಿಳಿದಿರುತ್ತಾರೆ.

ಜೊತೆಗೆ ಒಯ್ಯುವ ಸಾಮಾನಿನಲ್ಲಿ ರಾಜಿಯಿಲ್ಲದ್ದು ತೇಲುಜಾಕೀಟು. ಈಜು ಬರುವವರಿಗೂ ಬೇಕು, ದೋಣಿಯಲ್ಲಿ ಇಟ್ಟರೆ ಸಾಲದು, ಮೈಮೇಲೆ ಇರಬೇಕು. ಮರಳು ತೆಗೆದ ಗುಂಡಿಯ ಅಂಚು ಒಂದೇ ಹೆಜ್ಜೆಯಲ್ಲಿ ಮೊಣಕಾಲಿನಿಂದ ತಲೆ ಮುಳುಗುವ ಆಳಕ್ಕೆ ಹೋಗುತ್ತದೆ, ಅಲ್ಲಿ ನಡೆಯುತ್ತ ದೋಣಿ ಎಳೆಯುವವರೇ ಮೊದಲು ಅಪಾಯಕ್ಕೆ ಸಿಗುವವರು. ಆಳ ನೋಡಲು ಅಡಿಗಳ ಗುರುತು ಹಾಕಿದ ಉದ್ದನೆಯ ಗಳ, ನೀರು ಎತ್ತಿ ಹಾಕಲು ಹಗ್ಗ ಕಟ್ಟಿದ ಬಕೆಟ್ಟು, ಬಲೆ ಬಳ್ಳಿ ಕತ್ತರಿಸಲು ಕುಡಗೋಲು, ಎರಡು ಜೊತೆ ಹುಟ್ಟು, ಒದ್ದೆಯಾಗದ ಚೀಲದಲ್ಲಿ ಫೋನು ಇರಲಿ. ಗದ್ದೆಯ ನೀರು ಬಸಿದು ಬರುವ ಕಡೆ ಗಾಯವಿದ್ದ ಕಾಲಿನಲ್ಲಿ ಇಳಿಯಬೇಡಿ, ಇಲಿಜ್ವರ ಹರಡುವುದು ಹಾಗೆಯೇ. ದಡದಲ್ಲಿ ಒಬ್ಬರಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಮರಳುವುದು ಎಂದು ಹೇಳಿ ಹೋಗಿ. ಸಂಜೆ ಐದಕ್ಕೆ ಗಾಳಿ ಬೀಳುತ್ತದೆ ಎಂಬ ಲೆಕ್ಕದಲ್ಲಿ ಮೂರು ಗಂಟೆಗೇ ಹಾಯಿ ಏರಿಸಿ ಮರಳು ದಾರಿ ಹಿಡಿಯಿರಿ. ಗಾಳಿ ಕೈಕೊಟ್ಟರೆ ಉಳಿದದ್ದನ್ನು ಹುಟ್ಟು ಹಾಕಿ ಮುಗಿಸಲು ಬೆಳಕು ಕೈಯಲ್ಲಿರುತ್ತದೆ.